ತೊಟ್ಟಿಲ ಮನೆಗೆ ಏನು ಒಯ್ಯೋಣ?

ನಾಮಕರಣದ ಊಟ ಮುಗಿದು, ನೆಂಟರೆಲ್ಲ ಎಲೆ ಅಡಿಕೆ ಹಿಡಿದು ಹೊರಟ ಮೇಲೆ ಬಾಣಂತಿಯ ಕೋಣೆಯಲ್ಲಿ ಒಂದು ಪುಟ್ಟ ಸಭೆ ಸೇರುತ್ತದೆ. ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಮಂಚದ ಸುತ್ತ ಕೂತು ಉಡುಗೊರೆಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಯಾರು ಏನು ಕೊಟ್ಟರೆಂದು ಒಬ್ಬರು ಬರೆದುಕೊಳ್ಳುತ್ತಾರೆ. ನಾಳೆ ಅವರ ಮನೆಯ ತೊಟ್ಟಿಲಿಗೂ ಮುಯ್ಯಿ ತೀರಿಸಬೇಕಲ್ಲ. ಈಗಿನ ಮನೆಗಳಲ್ಲಿ ಆ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸೊಳ್ಳೆಪರದೆ ಹೊಲಿದ ಪುಟ್ಟ ಹಾಸಿಗೆ ಮೂರೋ ನಾಲ್ಕೋ, ಸಾಸಿವೆ ದಿಂಬು ಎರಡು, ಪೌಡರು ಎಣ್ಣೆ ಸೋಪು ತುಂಬಿದ ಉಡುಗೊರೆ ಡಬ್ಬಿ ಐದಾರು, ಬ್ಯಾಟರಿ ಹಾಕಿದರೆ ಇಂಗ್ಲಿಷಿನಲ್ಲಿ ಹಾಡುವ ಪ್ಲಾಸ್ಟಿಕ್ ಪ್ರಾಣಿ ಒಂದು. ಉಳಿದದ್ದೆಲ್ಲ ಅಂಗಿ. ಅದೂ ಮೂರು ತಿಂಗಳೊಳಗಿನ ಮಗುವಿನ ಅಳತೆಯ ಅಂಗಿ, ಹದಿನೈದು ಜೊತೆ.

ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಆ ಹದಿನೈದು ಜೊತೆಯಲ್ಲಿ ಹತ್ತು ಮಗುವಿನ ಮೈ ಕಾಣುವುದೇ ಇಲ್ಲ. ಹುಟ್ಟಿದಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಮಗು ಮೊದಲ ಹುಟ್ಟುಹಬ್ಬದ ಹೊತ್ತಿಗೆ 75ರ ಹತ್ತಿರ ಬಂದಿರುತ್ತದೆ. ತೂಕ ಐದನೇ ತಿಂಗಳ ಸುಮಾರಿಗೆ ಎರಡು ಪಟ್ಟು, ವರ್ಷಕ್ಕೆ ಮೂರು ಪಟ್ಟು ಆಗುತ್ತದೆ. ಮನುಷ್ಯ ಬದುಕಿನಲ್ಲಿ ಇಷ್ಟು ಬೇಗ ಇನ್ನೆಂದೂ ಬೆಳೆಯುವುದಿಲ್ಲ. ಆ ಓಟದ ನಡುವೆ ಬಟ್ಟೆ ಕೊಡುವವರು ಒಂದು ವರ್ಷದ ಅಳತೆಯದನ್ನೇ ಕೊಂಡರೆ ವಾಸಿ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ವಸ್ತು ಈ ಮಗುವಿನ ಕೈ ದಾಟಿ, ಮುಂದೆ ಹುಟ್ಟುವ ತಮ್ಮನಿಗೋ ತಂಗಿಗೋ, ಪಕ್ಕದ ಮನೆಯ ಕೂಸಿಗೋ ಹೋಗುವಷ್ಟು ಗಟ್ಟಿಯೇ? ಹಾಗೆ ದಾಟಿಕೊಂಡು ಬಂದ ವಸ್ತುಗಳು ನಮ್ಮ ಮನೆಗಳಲ್ಲೇ ಇವೆ. ಅವುಗಳನ್ನು ಕೈಗೆತ್ತಿಕೊಂಡು ನೋಡಿದರೆ ಒಳ್ಳೆಯ ವಿನ್ಯಾಸವೆಂದರೆ ಏನೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಬಟ್ಟೆಯಿಂದಲೇ ಶುರುಮಾಡಬಹುದು. ಕನ್ನಡದ ಅನೇಕ ಮನೆಗಳಲ್ಲಿ ಕೂಸಿನ ಮೈಗೆ ಮೊದಲು ತಾಗುವುದು ಹಳೆಯ ಬಟ್ಟೆ. ಅಜ್ಜಿಯ ಹತ್ತಿ ಸೀರೆ, ಅಜ್ಜನ ಪಂಚೆ. ಹಿರಿಯರ ಆಯಸ್ಸು ಕೂಸಿಗೂ ಬರಲಿ ಎಂಬ ನಂಬಿಕೆ ಅದರ ಹಿಂದಿದೆ. ನಂಬಿಕೆಯ ಜೊತೆಗೆ ಲೆಕ್ಕಾಚಾರವೂ ಇದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಬಿಡುವ ಬಣ್ಣ ಇರುತ್ತದೆ. ನೂರು ಸಲ ಒಗೆದ ಹತ್ತಿಯಲ್ಲಿ ಎರಡೂ ಹೋಗಿ, ನೂಲು ಸಡಿಲವಾಗಿ, ಬೆವರು ಹೀರುವ ಗುಣ ಮಾತ್ರ ಉಳಿದಿರುತ್ತದೆ.

ಅದೇ ಹಳೆ ಸೀರೆಗಳು ಪದರ ಪದರವಾಗಿ ಕೂಡಿದರೆ ಕೌದಿ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಗಳ ಬಾಣಂತನಕ್ಕೆ ಮುಂಚೆ ತವರಿನ ಕಟ್ಟೆಯ ಮೇಲೆ ಕೌದಿ ಹಾಸಿಕೊಂಡು ಹೆಂಗಸರು ಹೊಲಿಯುತ್ತ ಕೂರುವುದು ಈಗಲೂ ಕಾಣಸಿಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಗಳಂತೂ ಹೊರದೇಶಗಳ ಪ್ರದರ್ಶನಗಳಿಗೂ ಹೋಗಿಬಂದಿವೆ. ಆಫ್ರಿಕಾ ಮೂಲದ ಈ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಹೊಲಿಯಲು ಹಿಡಿಯುತ್ತಾರೆ. ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಟ್ಟಿದಾಗ ಕೌದಿ ಮುಗಿಯುತ್ತದೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಚಿ, ಪದರವಾಗಿ ಕೂರಿಸಿದ ‘ಫೂಲ’ ಇರಲೇಬೇಕು. ಅದಿಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ತೊಟ್ಟಿಲ ಅಳತೆಯ ಕೌದಿಗೆ ಬಣ್ಣಬಣ್ಣದ ಪುಟ್ಟ ತೇಪೆಗಳು ಹೆಚ್ಚು. ಬೋರಲು ಬಿದ್ದ ಕೂಸು ಒಂದೊಂದೇ ತೇಪೆಯನ್ನು ಬೆರಳಿನಿಂದ ತಡವುವುದನ್ನು ನೋಡಿದವರಿಗೆ ಬೇರೆ ಆಟದ ಚಾಪೆ ಕೊಳ್ಳಬೇಕು ಅನ್ನಿಸುವುದಿಲ್ಲ.

ಕಸೂತಿ ಹಾಕಿದ ಕುಂಚಿಗೆ ಮತ್ತು ಕುಲಾವಿಯದೂ ಇಂಥದ್ದೇ ಜಾಣತನ. ಧಾರವಾಡ ಸೀಮೆಯ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ತೆರ ಕಾಣುತ್ತವೆ. ನೋಡುವವರಿಗೆ ಇದು ಕಸುಬಿನ ಅಚ್ಚುಕಟ್ಟು. ಕುಲಾವಿ ತೊಟ್ಟ ಕೂಸಿಗೆ ಇದು ನೆತ್ತಿಗೆ ಒತ್ತದ ನೆಮ್ಮದಿ. ಯಂತ್ರದ ಕಸೂತಿಯ ಅಂಗಿಯನ್ನು ತಿರುವಿಹಾಕಿ ಒಳಗೆ ಬೆರಳಾಡಿಸಿ ನೋಡಿ, ಚುಚ್ಚುವ ದಾರದ ಗಂಟು, ದಪ್ಪ ಕಾಗದದಂಥ ಅಸ್ತರಿ ಸಿಗುತ್ತದೆ. ಮಗುವಿನ ಬಟ್ಟೆಯನ್ನು ಯಾವಾಗಲೂ ಒಳಗಿನಿಂದ ನೋಡಿಯೇ ಕೊಳ್ಳಬೇಕು.

ಈ ಎಲ್ಲದರಲ್ಲೂ ಹೆಚ್ಚು ಮೆಚ್ಚಬೇಕಾದ ವಸ್ತು ಒಳಲೆ. ಹಳೆ ಮನೆಗಳ ದೇವರ ಕೋಣೆಯ ಬೀರುವಿನಲ್ಲೋ, ಬೆಳ್ಳಿ ಸಾಮಾನಿನ ಪೆಟ್ಟಿಗೆಯಲ್ಲೋ ಹಳೆ ಬಟ್ಟೆಯ ತುಂಡಿನಲ್ಲಿ ಸುತ್ತಿ ಇಟ್ಟಿರುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬಟ್ಟಲು. ಒಂದು ಬದಿಗೆ ಹಕ್ಕಿಯ ಕೊಕ್ಕಿನಂತೆ ಚಾಚಿದ ಮೂತಿ. ಹಿಡಿಯಿಲ್ಲ, ಮುಚ್ಚಳವಿಲ್ಲ, ಬಿಚ್ಚಿ ಜೋಡಿಸುವ ಭಾಗ ಒಂದೂ ಇಲ್ಲ. ಕೂಸನ್ನು ತೊಡೆಯ ಮೇಲೆ ಸ್ವಲ್ಪ ಎತ್ತರಿಸಿ ಹಿಡಿದು, ಮೂತಿಯನ್ನು ಕೆಳತುಟಿಗೆ ತಾಗಿಸಿ, ಹಾಲು ತುಟಿಯವರೆಗೆ ಬರುವಷ್ಟು ಮಾತ್ರ ಓರೆ ಮಾಡಬೇಕು. ಕೂಸು ತನ್ನ ವೇಗಕ್ಕೆ ತಕ್ಕಂತೆ ಚಪ್ಪರಿಸಿ ಕುಡಿಯುತ್ತದೆ. ಸುರಿಯುವ ಅವಸರ ಕೂಡದು.

ಇದೇ ಆಕಾರದ ಬಟ್ಟಲು ತಮಿಳುನಾಡಿನಲ್ಲಿ ಪಾಲಾಡೈ. ಅವಧಿಗೆ ಮುಂಚೆ ಹುಟ್ಟಿದ, ತೂಕ ಕಡಿಮೆಯಿರುವ, ಎದೆ ಚೀಪುವ ಶಕ್ತಿ ಇನ್ನೂ ಬಾರದ ಕೂಸುಗಳಿಗೆ ಹಿಂಡಿ ತೆಗೆದ ತಾಯಿಹಾಲನ್ನು ಇದರಿಂದ ಕುಡಿಸುವ ಪದ್ಧತಿ ನಮ್ಮ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲಿ ಚೆನ್ನಾಗಿ ಬೇರೂರಿದೆ. ವಿಶ್ವ ಆರೋಗ್ಯ ಸಂಸ್ಥೆ ಕಡಿಮೆ ತೂಕದ ಶಿಶುಗಳ ಆಹಾರದ ಬಗ್ಗೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಲೋಟ, ಚಮಚದ ಜೊತೆಗೆ ಈ ಕೊಕ್ಕಿನ ಬಟ್ಟಲಿನ ಹೆಸರನ್ನೂ ಹೇಳಿದೆ. ಕಾರಣ ಸರಳ. ಬಾಟಲಿಗೆ ನಿಪ್ಪಲು, ಬಿರಡೆ, ಕತ್ತು, ಸಂದುಗೊಂದು. ಅಲ್ಲೆಲ್ಲ ಹಾಲಿನ ಪಸೆ ನಿಂತು ರೋಗಾಣು ಬೆಳೆಯುತ್ತದೆ. ಒಳಲೆಯಲ್ಲಿ ಕಣ್ಣಿಗೆ ಕಾಣದ ಜಾಗವೇ ಇಲ್ಲ; ತೊಳೆದು ಕುದಿಯುವ ನೀರಿಗೆ ಹಾಕಿದರೆ ಮುಗಿಯಿತು. ಬೆಳ್ಳಿಯದೇ ಆಗಬೇಕೆಂದಿಲ್ಲ, ಸ್ಟೀಲಿನದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ತಾಯಿ ಕೆಲಸಕ್ಕೆ ಮರಳುವ ಹೊತ್ತಿಗೆ, ಹಿಂಡಿಟ್ಟ ಹಾಲನ್ನು ಅಜ್ಜಿ ಕುಡಿಸುವ ಮನೆಗಳಲ್ಲಿ ಒಂದು ಒಳಲೆ ಹತ್ತು ಅಂಗಿಗಿಂತ ದೊಡ್ಡ ಉಡುಗೊರೆ.

ಹಾಲಿನ ಬಾಟಲಿಯ ಮಾತು ಬಂದಿರುವುದರಿಂದ ಹೇಳಬೇಕು. ಭಾರತದಲ್ಲಿ 1992ರ ಕಾಯ್ದೆಯೊಂದು, 2003ರ ತಿದ್ದುಪಡಿಯೊಂದಿಗೆ, ಹಾಲುಣಿಸುವ ಬಾಟಲಿ, ಶಿಶುಗಳ ಹಾಲಿನ ಪುಡಿ ಮತ್ತು ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತನ್ನೇ ನಿಷೇಧಿಸಿದೆ. ಕಂಪನಿಗಳು ತಾಯಂದಿರಿಗೆ ಇವುಗಳ ಮಾದರಿ ಹಂಚುವಂತಿಲ್ಲ, ಉಡುಗೊರೆಯ ಆಮಿಷ ಒಡ್ಡುವಂತಿಲ್ಲ. ನೆಂಟರು ಕೊಟ್ಟರೆ ಕಾನೂನು ಬಂದು ಹಿಡಿಯುವುದಿಲ್ಲ. ಆದರೂ ಎದೆಹಾಲು ಕೂಡಿಬರಲಿ ಎಂದು ಮನೆಯವರೆಲ್ಲ ಕಾಯುತ್ತಿರುವಾಗ ಬಾಟಲಿಗಳ ಸೆಟ್ಟನ್ನು ಬಣ್ಣದ ಕಾಗದದಲ್ಲಿ ಸುತ್ತಿ ಒಯ್ಯುವುದು ತರವಲ್ಲ. ಬೇಕಾದರೆ ಅದನ್ನು ವೈದ್ಯರ ಮಾತು ಕೇಳಿ ಮನೆಯವರೇ ಕೊಳ್ಳುತ್ತಾರೆ.

ಇನ್ನು ಆಟಿಕೆ. ಗಿಲಕಿ ಎನ್ನಿ, ಗಿಲಿಗಿಲಿ ಎನ್ನಿ, ಮಗುವಿನ ಕೈಗೆ ಬರುವ ಮೊದಲ ಸಲಕರಣೆ ಅದು. ಹರಪ್ಪ, ಮೊಹೆಂಜೊದಾರೊ ಉತ್ಖನನಗಳಲ್ಲಿ ಟೊಳ್ಳಾದ ಸುಟ್ಟಮಣ್ಣಿನ ಉಂಡೆಗಳು, ಒಳಗೆ ಮಣ್ಣಿನ ಗೋಲಿಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ತಾಯಿ ತನ್ನ ಕೂಸಿನೆದುರು ಆಡಿಸಿದ್ದು ಇದನ್ನೇ. ಇಷ್ಟು ಕಾಲದಲ್ಲಿ ಗಿಲಕಿಯ ಸಾಮಗ್ರಿ ಬದಲಾಗಿದೆ, ಕೆಲಸ ಬದಲಾಗಿಲ್ಲ: ಕೈ ಅಲ್ಲಾಡಿಸಿದರೆ ಸದ್ದು, ನಿಲ್ಲಿಸಿದರೆ ಮೌನ. ‘ನಾನು ಮಾಡಿದ್ದರಿಂದ ಹೀಗಾಯಿತು’ ಎಂದು ಮಗು ಕಲಿಯುವುದು ಅಲ್ಲಿಂದ. ಗುಂಡಿ ಒತ್ತಿದರೆ ಎರಡು ನಿಮಿಷ ತಾನೇ ಹಾಡಿಕೊಂಡು ಬೆಳಕು ಮಿನುಗಿಸುವ ಆಟಿಕೆ ಈ ಪಾಠ ಹೇಳಿಕೊಡಲಾರದು.

ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಈ ಗಿಲಕಿ ಹುಟ್ಟುವುದನ್ನು ಒಮ್ಮೆ ನಿಂತು ನೋಡಬೇಕು. ಲೇಥಿನಲ್ಲಿ ಆಲೆ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿದ ಕೂಡಲೇ ಬೆಳ್ಳಗಿನ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರಿ ಕೆಲಸಗಾರನ ಮಡಿಲಿಗೆ ಬೀಳುತ್ತದೆ. ಆಲೆ ಮರ ಮೃದು. ಸೀಳು ಬಿಡದೆ ನುಣ್ಣಗೆ ಕೆತ್ತಿಸಿಕೊಳ್ಳುತ್ತದೆ. ಆಕಾರ ಬಂದ ಮೇಲೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ಅಂಟಿಕೊಳ್ಳುತ್ತದೆ. ಕುಂಚವಿಲ್ಲ, ಬಣ್ಣದ ಡಬ್ಬಿಯಿಲ್ಲ, ಒಣಗಲು ಇಡುವುದೂ ಇಲ್ಲ. ಕೊನೆಗೆ ಒಂದು ಒಣಗಿದ ಗರಿಯನ್ನು ಒತ್ತಿ ಎಳೆದರೆ ಅರಗು ಸಮನಾಗಿ ಹರಡಿ, ಕನ್ನಡಿಯ ಹೊಳಪು ಬರುತ್ತದೆ. ಮೂಡುತ್ತಿರುವ ಹಲ್ಲಿನ ತುರಿಕೆಗೆ ಮಗು ಆಟಿಕೆಯನ್ನು ಕಚ್ಚಿಯೇ ಕಚ್ಚುತ್ತದೆ. ಬಳಿದ ಬಣ್ಣ ಚಕ್ಕೆಯೇಳುತ್ತದೆ. ಬಿಸಿಯಲ್ಲಿ ಕೂಡಿಕೊಂಡ ಅರಗು ಸುಲಭಕ್ಕೆ ಏಳುವುದಿಲ್ಲ. ಅರಿಶಿನದ ಹಳದಿ, ನೀಲಿ ಗಿಡದ ನೀಲಿಯಂಥ ಸಸ್ಯಮೂಲದ ಬಣ್ಣಗಳನ್ನೇ ಬಳಸುವವರು ಅಲ್ಲಿದ್ದಾರೆ. ಎಲ್ಲರೂ ಹಾಗೆ ಮಾಡುವುದಿಲ್ಲವಾದ್ದರಿಂದ ಕೊಳ್ಳುವಾಗ ‘ಬಣ್ಣ ಯಾವುದು?’ ಎಂದು ಬಾಯಿಬಿಟ್ಟು ಕೇಳುವುದು ಒಳ್ಳೆಯದು.

ಕೊಂಡವರಿಗೆ ಇನ್ನೊಂದು ಕಿವಿಮಾತು. ಅರಗು ಮದ್ಯಸಾರದಲ್ಲೂ ಕರಗುತ್ತದೆ, ಬಿಸಿಗೂ ಕರಗುತ್ತದೆ. ಹಾಗಾಗಿ ಸ್ಯಾನಿಟೈಸರ್ ಹಾಕಿ ಒರೆಸಬಾರದು, ಬಿಸಿನೀರಿನಲ್ಲಿ ಕುದಿಸಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಿನಲ್ಲಿ ಆರಿಸಿದರೆ ಆಟಿಕೆ ವರ್ಷಗಟ್ಟಲೆ ಹೊಸದರಂತೆ ಇರುತ್ತದೆ.

ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ. ಹೆದ್ದಾರಿಯ ಬದಿಯ ಅಂಗಡಿಗಳಲ್ಲಿ ತೂಗುವುದೆಲ್ಲ ಆ ಊರಿನದೇ ಎಂದು ಮಾತ್ರ ತಿಳಿಯಬಾರದು. 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ದೇಶದಲ್ಲಿ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೆ, ಭೌಗೋಳಿಕ ಸೂಚ್ಯಂಕ ಪಡೆದ ಆಟಿಕೆಗಳಿಗೆ ವಿನಾಯಿತಿ ಇದೆ. ಅಂದರೆ ಗುರುತಿಲ್ಲದ ಮರದ ಗಿಲಕಿ ಅಸಲಿಯೂ ಇರಬಹುದು, ನಕಲಿಯೂ ಇರಬಹುದು. ಮಾಡಿದವರಿಂದಲೇ ಕೊಳ್ಳುವುದು ಇದಕ್ಕೆ ಇರುವ ಸುಲಭದ ದಾರಿ.

ಗಾತ್ರದ ಪರೀಕ್ಷೆಯೂ ಇದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗಗಳನ್ನು ಪ್ರಯೋಗಾಲಯಗಳಲ್ಲಿ 31.7 ಮಿಲಿಮೀಟರ್ ಅಗಲದ ಕೊಳವೆಯಲ್ಲಿ ಹಾಕಿ ನೋಡುತ್ತಾರೆ. ಪೂರ್ತಿ ಒಳಗೆ ಇಳಿದುಹೋದರೆ ಅದು ಮಗುವಿನ ಗಂಟಲಿಗೂ ಇಳಿದೀತು ಎಂಬುದು ಲೆಕ್ಕ. ಮನೆಯಲ್ಲಿ ಕೊಳವೆ ಬೇಡ. ಹೆಬ್ಬೆರಳು ಮತ್ತು ತೋರುಬೆರಳನ್ನು ಉಂಗುರದಂತೆ ಕೂಡಿಸಿ, ಅದರಲ್ಲಿ ನುಸುಳುವ ಯಾವುದನ್ನೂ ಕೂಸಿನ ಕೈಗೆ ಕೊಡದಿದ್ದರಾಯಿತು. ಕಣ್ಣಿನ ಜಾಗಕ್ಕೆ ಗುಂಡಿ ಹೊಲಿದ ಬಟ್ಟೆ ಗೊಂಬೆ, ದಾರ ಸವೆದ ಬಜೆ ಬಳೆ, ಕಿರುಗಂಟೆ ಸಡಿಲವಾದ ಬೆಳ್ಳಿ ಗೆಜ್ಜೆ, ಕೂಸಿನ ಬೆರಳಿಗೆ ಹಾಕುವ ಬಂಗಾರದ ಉಂಗುರ, ಇವು ಇಲ್ಲವೇ ಇವುಗಳಿಂದ ಕಳಚುವ ಚೂರುಗಳು ಬೆರಳುಗಳ ಆ ಉಂಗುರದಲ್ಲಿ ನುಸುಳುತ್ತವೆ. ಚಿನ್ನ ಕೊಡಲೇಬೇಕು ಅನ್ನುವವರು ಹಾಲ್‌ಮಾರ್ಕ್ ಇರುವ ಪುಟ್ಟ ನಾಣ್ಯ ಕೊಟ್ಟು, ಬೀರುವಿನಲ್ಲಿಡಲು ಹೇಳಬಹುದು. ಎಲ್ಲಕ್ಕಿಂತ ಅಪಾಯ ಹಾಡುವ ಆಟಿಕೆಗಳ ಗುಂಡಿ ಬ್ಯಾಟರಿ. ನುಂಗಿದ ಮಗುವಿನ ಅನ್ನನಾಳದಲ್ಲಿ ಅದು ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟಗಾಯ ಮಾಡಬಲ್ಲದು. ಬ್ಯಾಟರಿಯ ಮುಚ್ಚಳ ಸ್ಕ್ರೂ ಹಾಕಿ ಬಿಗಿಯದ ಆಟಿಕೆಯನ್ನು ಯಾರೂ ಯಾರ ಮಗುವಿಗೂ ಕೊಡಬಾರದು.

ಮಗುವಿನ ಕಣ್ಣಿಗೆ ಏನು ಬೇಕು ಎಂಬುದೂ ವಿಜ್ಞಾನಕ್ಕೆ ಗೊತ್ತಿರುವ ಸಂಗತಿ. ಹುಟ್ಟಿದ ಹೊಸತರಲ್ಲಿ ಕೂಸಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ, ಹೆಚ್ಚುಕಡಿಮೆ ಹಾಲೂಡುವ ತಾಯಿಯ ಮುಖದಷ್ಟು. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಫ್ಯಾಂಟ್ಸ್ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿ ಐದು ದಿನವೂ ತುಂಬದ ಶಿಶುಗಳು ಬರಿಯ ಬಣ್ಣದ ಹಲಗೆಗಿಂತ ಕಪ್ಪು ಬಿಳುಪಿನ ವಿನ್ಯಾಸಗಳನ್ನು ಹೆಚ್ಚು ಹೊತ್ತು ನೋಡಿದವು. ಮಾಂಟೆಸ್ಸೊರಿ ಪದ್ಧತಿಯವರು ಕೂಸಿಗೆ ಮೊದಲು ತೂಗುಹಾಕುವ ಕಪ್ಪು ಬಿಳುಪಿನ ತೂಗುಬೊಂಬೆಗೆ ಇಟಲಿಯ ವಿನ್ಯಾಸಕಾರ ಬ್ರೂನೊ ಮುನಾರಿಯ ಹೆಸರಿದೆ. ದಪ್ಪ ಕಾಗದ, ಕತ್ತರಿ, ದಾರ, ಮೂರು ಕಡ್ಡಿ ಇದ್ದರೆ ಯಾವ ಸೋದರಮಾವನೂ ಒಂದು ಸಂಜೆಯಲ್ಲಿ ಮಾಡಬಹುದಾದ ಉಡುಗೊರೆ ಅದು. ಪೇಸ್ಟಲ್ ಬಣ್ಣದ ಮೃದು ಮೊಲಗಳು ಮೆಚ್ಚಿಸುವುದು ದೊಡ್ಡವರನ್ನು.

ನಮ್ಮ ತೊಟ್ಟಿಲುಗಳಿಗೆ ಮರದ ಗಿಳಿ ಕಟ್ಟಿದವರಿಗೆ ಫ್ಯಾಂಟ್ಸ್ ಗೊತ್ತಿರಲಿಲ್ಲ, ಕೂಸು ಗೊತ್ತಿತ್ತು. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಇದಕ್ಕೆ ಮೇಲ್ಪಂಕ್ತಿ. ಸಾಗುವಾನಿಯ ಚೌಕಟ್ಟು, ಅದರ ಮೇಲೆ ಅರಗಿನ ಬಣ್ಣದಲ್ಲಿ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗ, ಬಳ್ಳಿ, ಹಕ್ಕಿ. ಆಳವಾದ ಕೆಂಪು, ಹಳದಿ, ಹಸಿರು, ಕಪ್ಪು ಗೆರೆ. ಒಂದು ತೊಟ್ಟಿಲಲ್ಲಿ ಅಪ್ಪ ಮಲಗಿ, ಅತ್ತೆ ಮಲಗಿ, ಈಗ ಮೊಮ್ಮಗಳು ಮಲಗಿರುವ ಮನೆಗಳು ಆ ಸೀಮೆಯಲ್ಲಿವೆ. ಒಬ್ಬರೇ ಕೊಡುವಷ್ಟು ಅಗ್ಗದ ವಸ್ತುವಲ್ಲ. ಹತ್ತು ಜನ ಸೋದರ ಸಂಬಂಧಿಗಳು ಹತ್ತು ಬೇಬಿ ಸೆಟ್ ಕೊಡುವ ಬದಲು ಹಣ ಕೂಡಿಸಿ ಒಂದು ತೊಟ್ಟಿಲು ಮಾಡಿಸಿದರೆ, ಅದು ಆ ವಂಶದ ಎಲ್ಲ ಕೂಸುಗಳ ಪಾಲಿಗೂ ಬರುತ್ತದೆ.

ಬೇರೆ ದೇಶಗಳಲ್ಲೂ ಬಾಳಿಕೆ ಬಂದ ಉಡುಗೊರೆಗಳ ಗುಣ ಇದೇ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆ ತೆರೆದ. ಮುಂದೆ ಜಗತ್ತೆಲ್ಲ ಕಿಂಡರ್‌ಗಾರ್ಟನ್ ಎಂದು ಕರೆದದ್ದು ಅದನ್ನೇ. ಆಟದ ಸಾಮಗ್ರಿಗಳಿಗೆ ಅವನಿಟ್ಟ ಹೆಸರು ‘ಉಡುಗೊರೆಗಳು’. ಮೊದಲನೆಯ ಉಡುಗೊರೆ ಉಣ್ಣೆಯ ನೂಲಿನಲ್ಲಿ ಹೆಣೆದ ಆರು ಬಣ್ಣದ ಆರು ಚೆಂಡು, ಒಂದೊಂದಕ್ಕೂ ಒಂದು ದಾರ. ಎರಡನೆಯದು ಮರದ ಗೋಳ, ಘನ, ಸಿಲಿಂಡರ್. ಆಮೇಲೆ ಮರದ ಇಟ್ಟಿಗೆಗಳು. 1876ರಲ್ಲಿ ಫಿಲಡೆಲ್ಫಿಯಾದ ದೊಡ್ಡ ವಸ್ತುಪ್ರದರ್ಶನದಲ್ಲಿ ಇವನ್ನು ಕಂಡ ತಾಯಿಯೊಬ್ಬಳು ತನ್ನ ಮಗನಿಗೆ ಕೊಡಿಸಿದಳು. ಆ ಹುಡುಗ ಮುಂದೆ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಆದ. ಆ ಮರದ ತುಂಡುಗಳ ಸ್ಪರ್ಶ ತನ್ನ ಬೆರಳುಗಳಲ್ಲಿ ಇಂದಿಗೂ ಉಳಿದಿದೆ ಎಂಬರ್ಥದ ಮಾತನ್ನು ಆತ್ಮಕತೆಯಲ್ಲಿ ಬರೆದ. ನೂಲಿನ ಚೆಂಡು ಹೆಣೆಯಲು ಬರುವ ಅತ್ತೆ ಚಿಕ್ಕಮ್ಮಂದಿರು ನಮ್ಮಲ್ಲಿ ಎಷ್ಟಿಲ್ಲ! ಬಾಗಿಲ ತೋರಣಕ್ಕೆ ಕ್ರೋಶಾ ಹಾಕುವ ಕೈಗೆ ಆರು ಚೆಂಡು ಯಾವ ಲೆಕ್ಕ? ಕೂಸು ಒಂಟಿಯಾಗಿ ಆಡುವಾಗ ದಾರ ತೆಗೆದಿಡಬೇಕು, ಅಷ್ಟೇ.

ನಾರ್ವೆಯ ವಿನ್ಯಾಸಕಾರ ಪೀಟರ್ ಓಪ್ಸ್‌ವಿಕ್ ಕತೆಯೂ ಕೇಳುವಂಥದ್ದು. ಎರಡು ವರ್ಷದ ಮಗನಿಗೆ ಎತ್ತರದ ಕುರ್ಚಿ ಚಿಕ್ಕದಾಗಿತ್ತು, ಮನೆಯ ಕುರ್ಚಿ ದೊಡ್ಡದಾಗಿತ್ತು; ಊಟದ ಮೇಜಿನ ಬಳಿ ಅವನಿಗೆ ಜಾಗವೇ ಇರಲಿಲ್ಲ. 1972ರಲ್ಲಿ ಓಪ್ಸ್‌ವಿಕ್ ಮಾಡಿದ ಟ್ರಿಪ್ ಟ್ರಾಪ್ ಎಂಬ ಮರದ ಕುರ್ಚಿಯಲ್ಲಿ ಕೂರುವ ಹಲಗೆ, ಕಾಲಿಡುವ ಹಲಗೆ ಎರಡನ್ನೂ ತೋಡುಗಳಲ್ಲಿ ಮೇಲೆ ಕೆಳಗೆ ಸರಿಸಬಹುದು. ಕೂಸು ಬೆಳೆದಂತೆ ಹಲಗೆ ಇಳಿಯುತ್ತದೆ. ಕೊನೆಗೆ ದೊಡ್ಡವರೂ ಅದರಲ್ಲೇ ಕೂರಬಹುದು. ಒಂದು ಕೋಟಿಗೂ ಹೆಚ್ಚು ಮಾರಾಟವಾಗಿರುವ ಆ ಕುರ್ಚಿಯ ಆಕಾರ ಅರ್ಧ ಶತಮಾನದಿಂದ ಹಾಗೇ ಇದೆ. ನಮ್ಮಲ್ಲಿ ಅದರ ಬೆಲೆ ದುಬಾರಿ. ಊರಿನ ಬಡಗಿಗೆ ಹೇಳಿ ಮಾಡಿಸುವ ಅಡ್ಡಣಿಗೆಯೂ ಪುಟ್ಟ ಮಣೆಯೂ ಇದೇ ಜಾತಿಯವು: ಇಂದು ಅನ್ನಪ್ರಾಶನಕ್ಕೆ, ನಾಳೆ ಹೋಂವರ್ಕಿಗೆ, ನಾಡಿದ್ದು ಅಡುಗೆಮನೆಗೆ.

ಹಳೆಯದನ್ನು ಇಷ್ಟು ಹೊಗಳಿದ ಮೇಲೆ ಹಳೆಯದರಲ್ಲಿ ಬಿಡಬೇಕಾದದ್ದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಕೂಸಿನ ನಾಲಿಗೆಗೆ ಜೇನು ಸವರುವ ಪದ್ಧತಿ ಬೇಡ. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುವ ವಿಷ ಉಂಟುಮಾಡಬಲ್ಲದು. ಕಾಡಿಗೆ ಡಬ್ಬಿಯೂ ಬೇಡ. ಅಂಗಡಿಯ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಪತ್ತೆಯಾದ ನಿದರ್ಶನಗಳು ಬೇಕಾದಷ್ಟಿವೆ. ಕುತ್ತಿಗೆಗೆ ಕಟ್ಟುವ ಯಾವ ದಾರವೂ ಮಲಗಿದ ಕೂಸಿಗೆ ಉರುಳಾಗಬಹುದು. ಮಲಗುವ ಜಾಗದಲ್ಲಿ ದಿಂಬು, ದಪ್ಪ ರಜಾಯಿ, ಮೃದು ಗೊಂಬೆ ಇಡಬೇಡಿ, ಅಂಗಾತ ಮಲಗಿಸಿ ಎಂದು ಮಕ್ಕಳ ತಜ್ಞರು ಹೇಳುತ್ತಲೇ ಇದ್ದಾರೆ. ಸಾಸಿವೆ ದಿಂಬಿಗೂ ಈ ಮಾತು ಅನ್ವಯಿಸುತ್ತದೆ. ಹೊಲಿಗೆ ಬಿಚ್ಚಿದರೆ ಒಳಗಿನ ಸಾಸಿವೆ ಮೂಗು ಕಿವಿ ಸೇರುತ್ತದೆ. ಮೇಲೆ ಹೊಗಳಿದ ಕೌದಿಯ ಜಾಗವೂ ಕೂಸಿನ ಕೆಳಗೆ, ಮುಖದ ಮೇಲಲ್ಲ.

ಹೊಸ ಸಾಮಾನುಗಳಲ್ಲಿ ಬಿಡಬೇಕಾದದ್ದು ಚಕ್ರದ ವಾಕರ್. ನಡುವೆ ಕೂಸನ್ನು ಕೂರಿಸಿ ಬಿಟ್ಟರೆ ಅದು ಮೆಟ್ಟಿಲು, ಒಲೆ, ಬಚ್ಚಲ ಕಡೆಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಓಡುತ್ತದೆ. ನಡೆಯುವುದನ್ನು ಬೇಗ ಕಲಿಸುವುದೂ ಇಲ್ಲ. ಕೆನಡಾ 2004ರಲ್ಲೇ ಇದರ ಮಾರಾಟವನ್ನು ನಿಷೇಧಿಸಿದೆ. ಇದರ ಬದಲು, ಎದ್ದು ನಿಲ್ಲಲು ಕಲಿತ ಮಗು ಹಿಂದಿನಿಂದ ಹಿಡಿದು ತಳ್ಳುವ ಮೂರು ಚಕ್ರದ ಮರದ ಗಾಡಿ ನಮ್ಮ ಜಾತ್ರೆಗಳಲ್ಲಿ ಈಗಲೂ ಸಿಗುತ್ತದೆ. ಮಗು ತಳ್ಳಿದಷ್ಟೇ ಅದು ಹೋಗುತ್ತದೆ, ದೊಡ್ಡವರು ಪಕ್ಕದಲ್ಲಿದ್ದರೆ ಸಾಕು.

ಉಡುಗೊರೆಯನ್ನು ಅತ್ಯಂತ ಯೋಚಿಸಿ ಕೊಟ್ಟವರಲ್ಲಿ ಸರ್ಕಾರಗಳೂ ಇವೆ. ಫಿನ್‌ಲೆಂಡ್ 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೆ ಒಂದು ರಟ್ಟಿನ ಪೆಟ್ಟಿಗೆ ಕೊಡುತ್ತಿದೆ. ಒಳಗೆ ವರ್ಷವಿಡೀ ಸಾಲುವ ಬೇರೆ ಬೇರೆ ಅಳತೆಯ ಬಟ್ಟೆ, ಹೊದಿಕೆ, ಪುಟ್ಟ ಹಾಸಿಗೆ. ಸಾಮಾನು ತೆಗೆದ ಮೇಲೆ ಪೆಟ್ಟಿಗೆಯೇ ಕೂಸಿನ ಮೊದಲ ಮಂಚ. ಪಡೆಯಲು ಒಂದು ಷರತ್ತು: ನಾಲ್ಕನೇ ತಿಂಗಳು ಮುಗಿಯುವುದರೊಳಗೆ ಗರ್ಭಿಣಿ ತಪಾಸಣೆಗೆ ಬಂದಿರಬೇಕು. ಉಡುಗೊರೆಯ ನೆವದಲ್ಲಿ ತಾಯಂದಿರು ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಕರ್ನಾಟಕವೂ 2007ರಲ್ಲಿ ‘ಮಡಿಲು’ ಯೋಜನೆ ತಂದು, ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 19 ಸಾಮಗ್ರಿಗಳ ಚೀಲ ಕೊಟ್ಟಿತು. ಮಗುವಿಗೆ ಸ್ವೆಟರು, ಟೋಪಿ, ಕಾಲುಚೀಲ, ಸೊಳ್ಳೆಪರದೆ. ಅದೇ ಚೀಲದಲ್ಲಿ ತಾಯಿಗೆ ಸೊಂಟಕ್ಕೆ ಸುತ್ತುವ ಬಟ್ಟೆ, ಸ್ಯಾನಿಟರಿ ಪ್ಯಾಡು, ಬಾಚಣಿಗೆ, ಕೊಬ್ಬರಿ ಎಣ್ಣೆ.

ಆ ಬಾಚಣಿಗೆಯನ್ನು ಪಟ್ಟಿಗೆ ಸೇರಿಸಿದವರಿಗೆ ಬಾಣಂತಿಯ ಕೋಣೆ ಚೆನ್ನಾಗಿ ಗೊತ್ತಿತ್ತು. ತೊಟ್ಟಿಲ ಸುತ್ತ ನೆರೆದ ಸಡಗರದಲ್ಲಿ ಹೆತ್ತವಳ ಹೆಸರಿಗೆ ಒಂದು ಪೊಟ್ಟಣವೂ ಬಾರದ ಮನೆಗಳೇ ಹೆಚ್ಚು. ಎದುರಿಗೆ ಗುಂಡಿಯಿರುವ ಎರಡು ಹತ್ತಿ ನೈಟಿ, ಬೆನ್ನಿಗೆ ಒರಗು, ಒಂದು ಡಬ್ಬಿ ಅಂಟಿನುಂಡೆ, ಒಂದು ರಾತ್ರಿ ಮಗುವನ್ನು ನೋಡಿಕೊಂಡು ಅವಳನ್ನು ಮಲಗಲು ಬಿಡುವ ಗೆಳತಿ: ಇವೂ ಮಗುವಿಗೆ ಕೊಟ್ಟ ಉಡುಗೊರೆಗಳೇ.

ಪರದೇಶದಲ್ಲಿರುವ ಮಕ್ಕಳ ಬಾಣಂತನಕ್ಕೆ ಹೊರಡುವ ತಾಯಂದಿರ ಸೂಟ್‌ಕೇಸಿನಲ್ಲಿ ಈಗಲೂ ಹಳೆ ಸೀರೆಯ ಮಡಿಕೆಗಳಿರುತ್ತವೆ. ಅದರ ನಡುವೆ ಒಂದು ಪುಟ್ಟ ಕೌದಿಗೆ, ಒಂದು ಗಿಲಕಿಗೆ, ಬಟ್ಟೆಯಲ್ಲಿ ಸುತ್ತಿದ ಒಳಲೆಗೆ ಖಂಡಿತ ಜಾಗ ಸಿಗುತ್ತದೆ. ಊರಿನಲ್ಲೇ ನಾಮಕರಣಕ್ಕೆ ಹೊರಟವರಿಗೆ ಒಂದು ಕೋರಿಕೆ. ಅಂಗಡಿಗೆ ಹೋಗುವ ಮುನ್ನ ಆ ಮನೆಗೆ ಫೋನ್ ಮಾಡಿ, ಮನೆಯಲ್ಲಿ ಒಳಲೆ ಇದೆಯೇ, ತೊಟ್ಟಿಲು ಯಾರಾದರೂ ತರುತ್ತಿದ್ದಾರೆಯೇ, ಅಂಗಿ ಎಷ್ಟು ಬಂದಿವೆ ಎಂದು ಕೇಳಿಕೊಳ್ಳಿ. ಬಾಣಂತಿಗೆ ಏನು ಬೇಕು ಎಂದು ಅವಳನ್ನೇ ಕೇಳಿ.